ಪಾತ್ರೆಯ ಮೇಲೆ ಯಾರ ಹೆಸರು

ಪಾಲುದಾರ ಅಂಗಡಿ ಬಿಟ್ಟದ್ದು ಧನುರ್ಮಾಸದ ಒಂದು ಸೋಮವಾರ. ಬೆಳಗ್ಗೆ ಹತ್ತೂಕಾಲಿಗೆ ಬಂದು ತನ್ನ ಬೀಗದ ಕೈಯನ್ನು ತೂಕದ ಮಷೀನಿನ ಮೇಲೆ ಇಟ್ಟ. ಮಷೀನು ಮೂವತ್ತೆರಡು ಗ್ರಾಂ ತೋರಿಸಿತು.

"ನಾನಿನ್ನು ಬರಲ್ಲ ಕಣೋ. ಅರಿಶಿನಕುಂಟೆ ಹತ್ರ ಪಾತ್ರೆದೇ ಹೊಸ ಶೋರೂಮು ಆಗ್ತೈತಲ್ಲ, ನೋಡ್ಕೊಳ್ಳೋಕೆ ಕರೆದವ್ರೆ."

ಯಾವತ್ತಿನಿಂದ ಎಂದು ಕೇಳಿದೆ. "ಇವತ್ತಿಂದ್ಲೇ," ಎಂದ. ಆ ದಿನದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇರುವುದು ಇಷ್ಟೇ. ಪತ್ರಿಕೆಯ ಡೆಸ್ಕಿನಲ್ಲಿ ಕೂತವನ ಅಭ್ಯಾಸ, ಪಾತ್ರೆ ಅಂಗಡಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಯಾರು ಏನು ಹೇಳಿದರು, ಎಷ್ಟು ಹೊತ್ತಿಗೆ ಹೇಳಿದರು ಎಂದು ಬರೆದಿಡುತ್ತಿದ್ದೆ. ಯಾಕೆ ಹೇಳಿದರು ಎಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಬಂಡವಾಳದ ಪಾಲನ್ನು ಹದಿನೈದು ದಿನದಲ್ಲಿ ತಕರಾರಿಲ್ಲದೆ ಬಿಡಿಸಿಕೊಂಡೆವು. ಈ ಬರಹ ಅದರ ಬಗ್ಗೆ ಅಲ್ಲ.

ನೆಲಮಂಗಲದ ಪೇಟೆ ಬೀದಿಯ ನಮ್ಮ ಅಂಗಡಿಯಲ್ಲಿ ಕೆಲಸ ಮೊದಲಿನಿಂದಲೂ ಎರಡು ಭಾಗವಾಗಿತ್ತು. ಮಾಲು ನನ್ನದು, ಜನ ಅವನದು. ಸ್ಟೀಲಿನ ಗೇಜು ಅಂದರೆ ಹಾಳೆಯ ದಪ್ಪ, ಹಿತ್ತಾಳೆಯ ಬೆಸುಗೆ, ಯಾವ ಸಗಟು ವ್ಯಾಪಾರಿ ತೂಕದಲ್ಲಿ ಸರಿ, ಯಾರು ತಳ ತೆಳ್ಳಗೆ ಮಾಡಿ ಕಂಠ ದಪ್ಪ ತೋರಿಸುತ್ತಾರೆ, ಇವೆಲ್ಲ ನಾನು ನೋಡುತ್ತಿದ್ದೆ. ಬಾಗಿಲಿಗೆ ಬಂದವರನ್ನು ಒಳಗೆ ಕರೆಯುವುದು, ಕೂರಿಸುವುದು, ಯಾರ ಮನೆಯಲ್ಲಿ ಯಾವ ಹುಡುಗಿಗೆ ಗಂಡು ಗೊತ್ತಾಗಿದೆ ಎಂದು ನೆನಪಿಡುವುದು ಅವನ ಪಾಲು. ಒಂದೇ ಶಾಲೆಯಲ್ಲಿ ಓದಿದವರು ನಾವು. ಕಾಗದ ಮಾಡಿಕೊಂಡದ್ದು ಬಂಡವಾಳಕ್ಕೆ ಮಾತ್ರ. ಉಳಿದದ್ದೆಲ್ಲ ಬಾಯಿಮಾತು.

ನಮ್ಮ ಕಡೆ ಹೆಣ್ಣು ಮಗಳ ಮದುವೆಗೆ ತವರಿನವರು ಸಾಮಾನು ಕೊಡುತ್ತಾರೆ. ಬಿಂದಿಗೆ, ಕೊಳಗ, ಹರಿವಾಣ, ತಪ್ಪಲೆ, ಡಬ್ಬಗಳ ಸಾಲು, ದೀಪ, ಎಲ್ಲ ಸೇರಿ ಒಂದು ಸೆಟ್ಟು. ಅದನ್ನು ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಳ್ಳುತ್ತಾರೆ. ಒಮ್ಮೆ ಕೊಂಡ ಮನೆಯವರು ಎರಡನೇ ಮಗಳಿಗೆ, ಮೊಮ್ಮಗುವಿನ ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಮತ್ತೆ ಬರುತ್ತಾರೆ, ನೆಂಟರನ್ನೂ ಕರೆತರುತ್ತಾರೆ. ಚಿಲ್ಲರೆಯಾಗಿ ಸೌಟು, ಲೋಟ ಮಾರಿ ನಮ್ಮಂಥ ಅಂಗಡಿ ಬಾಡಿಗೆ ಕಟ್ಟಬಹುದು. ಬದುಕುವುದು ಮಾಘ, ಫಾಲ್ಗುಣ, ವೈಶಾಖದ ಮದುವೆಗಳಿಂದ. ಧನುರ್ಮಾಸದಲ್ಲಿ ಮದುವೆ ಇಲ್ಲ, ಆಗ ಮಾಲು ತುಂಬಿಸಿಕೊಳ್ಳಬೇಕು. ತುಂಬಿಸಿಯಾಗಿತ್ತು. ಅವನು ಬೀಗದ ಕೈ ಇಡುವುದಕ್ಕೆ ಎರಡು ವಾರ ಮೊದಲು, ನಾನು ಸಗಟು ಆರ್ಡರು ಬರೆಯುತ್ತಿದ್ದಾಗ, ಪಕ್ಕದಲ್ಲೇ ನಿಂತು ಹೇಳಿದ್ದ: "ಇನ್ನೂ ಹತ್ತು ಸೆಟ್ಟು ಹಾಕ್ಸು. ಈ ಸಲ ತ್ಯಾಮಗೊಂಡ್ಲು ಕಡೆ ಮದುವೆ ಜಾಸ್ತಿ."

ಹಾಕಿಸಿದ್ದೆ. ಮಹಡಿಯ ಗೋದಾಮಿನಲ್ಲಿ ಅವು ಹುಲ್ಲು ಸುತ್ತಿದ ಹಾಗೇ ಇದ್ದವು.

ನಮ್ಮಲ್ಲಿ ಇನ್ನೊಂದು ಪದ್ಧತಿ ಇತ್ತು. ಸೆಟ್ಟು ಕೊಂಡ ಮನೆಯವರು ನಮಗೂ ಲಗ್ನಪತ್ರಿಕೆ ಕೊಡುತ್ತಿದ್ದರು. ಮದುವೆಗೆ ಹೋಗುವುದು ಪಾಲುದಾರ. ಅಂಗಡಿಯ ಮಾಲಿನಿಂದಲೇ ಒಂದು ಮುಚ್ಚಳದ ಪಾತ್ರೆಯನ್ನು ಉಡುಗೊರೆಯಾಗಿ ಒಯ್ಯುತ್ತಿದ್ದ. ಅದರ ಮೇಲೆ ಅಂಗಡಿಯ ಹೆಸರು ಹಾಕಿಸಬೇಕೆಂದು ಆರಂಭದಲ್ಲೇ ತೀರ್ಮಾನಿಸಿದ್ದೆವು. ಯಾವ ಪದಗಳು ಎಂದು ಅವನೇ ಹೇಳಿದ್ದ, ಒಕ್ಕಣೆ ತಿದ್ದಿದ್ದು ನಾನು. ಹೆಸರು ಹಾಕುವವರೊಬ್ಬರು ನಮ್ಮ ಅಂಗಡಿಯ ಮೆಟ್ಟಿಲ ಮೇಲೇ ಕೂರುತ್ತಿದ್ದರು. ವಯಸ್ಸಾದವರು, ನಮಗಿಂತ ಮೊದಲಿನಿಂದ ಆ ಮೆಟ್ಟಿಲಲ್ಲಿದ್ದವರು. ಪೆನ್ನಿನಂಥ ಮಷೀನು ಗುಂಯ್ ಎನ್ನುತ್ತ ಸ್ಟೀಲಿನ ಮೇಲೆ ಓಡುವ ಸದ್ದು ದಿನವಿಡೀ ನನ್ನ ಕಿವಿಗೆ ಬೀಳುತ್ತಿತ್ತು. ಏನು ಬರೆಯುತ್ತಿದ್ದಾರೆ ಎಂದು ನಾನು ಎದ್ದು ಹೋಗಿ ನೋಡಿದವನಲ್ಲ.

ಮಾಘ ಬಂತು. ಮೊದಲ ವಾರ ಒಂದೂ ಸೆಟ್ಟು ಹೋಗಲಿಲ್ಲ. ಎರಡನೇ ವಾರ ಹೋದದ್ದು ಒಂದು, ಅದೂ ಬಸ್ಸು ತಪ್ಪಿಸಿಕೊಂಡು ಪೇಟೆ ಸುತ್ತುತ್ತಿದ್ದ ಅಪರಿಚಿತರಿಗೆ. ಹಳೆಯ ಮನೆಗಳಿಗೆ ಫೋನು ಮಾಡಿದೆ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. "ನೋಡಾಣ ಸಾರ್," "ಇನ್ನೂ ಟೈಮೈತೆ ಸಾರ್." ಒಂದು ವಿನಂತಿ ಪತ್ರ ಬರೆದೆ. ನಾಲ್ಕು ಸಲ ತಿದ್ದಿ, ಕಾಗುಣಿತ ನೋಡಿ, ವಾಟ್ಸಪ್‌ನಲ್ಲಿ ಕಳಿಸಿದೆ. ಬಹಳಷ್ಟು ಜನ ಕೈಮುಗಿಯುವ ಚಿತ್ರ ಹಾಕಿದರು. ಯಾರೂ ಬರಲಿಲ್ಲ.

ನನ್ನ ಲೆಕ್ಕವೆಲ್ಲ ನಿಂತಿದ್ದದ್ದು ತ್ಯಾಮಗೊಂಡ್ಲಿನ ಒಂದು ಮನೆಯ ಮೇಲೆ. ಮೂರು ವರ್ಷದ ಹಿಂದೆ ಹಿರಿಯ ಮಗಳಿಗೆ ನಮ್ಮಲ್ಲೇ ಸೆಟ್ಟು ಒಯ್ದಿದ್ದರು. ಈಗ ಫಾಲ್ಗುಣದಲ್ಲಿ ಎರಡನೆಯವಳ ಮದುವೆ. ದೊಡ್ಡ ಬಳಗ. ಅವರು ಎಲ್ಲಿಗೆ ಹೋಗುತ್ತಾರೋ ಹೋಬಳಿಯ ಅರ್ಧ ಮನೆಗಳು ಅಲ್ಲಿಗೆ ಹೋಗುತ್ತವೆ. ಅವರು ಬಂದರೆ ಅಂಗಡಿ ಈ ವರ್ಷ ದಾಟುತ್ತಿತ್ತು, ಬರದಿದ್ದರೆ ಇಲ್ಲ.

ಆ ಮನೆಯ ಅಜ್ಜಿ ಒಂದು ಶುಕ್ರವಾರ ತಾವಾಗಿಯೇ ಬಂದರು, ಹಳೆಯ ಪಾತ್ರೆಗಳ ಒಂದು ಗೋಣಿಚೀಲದ ಜೊತೆ. ಹಳೆಯದನ್ನು ತೂಕಕ್ಕೆ ಹಾಕಿ ಹೊಸದು ಒಯ್ಯುವುದು ನಮ್ಮ ವ್ಯಾಪಾರದಲ್ಲಿ ಮಾಮೂಲು. ಅಜ್ಜಿ ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡು ಅಂಗಡಿಯನ್ನೆಲ್ಲ ನೋಡಿದರು.

"ಅವ್ನೆಲ್ಲಪ್ಪ? ನಮ್ ಹುಡ್ಗ?"

ನಾನು ಒಂದೊಂದೇ ಪಾತ್ರೆಯನ್ನು ಮಷೀನಿಗೆ ಹಾಕುತ್ತಿದ್ದೆ. ತಳ ಸವೆದ ತಪ್ಪಲೆ, ಕಂಠ ಸೀಳಿದ ಬಿಂದಿಗೆ. ಅವುಗಳ ನಡುವೆ ಇನ್ನೂ ಹೊಳಪು ಹೋಗದ ಒಂದು ಮುಚ್ಚಳದ ಪಾತ್ರೆ ಬಂತು. ನಮ್ಮದೇ ಮಾಲು, ಗೇಜು ನೋಡಿದರೇ ಗೊತ್ತಾಗುತ್ತದೆ. ತಿರುಗಿಸಿದೆ. ಪ್ರೀತಿಯ ಉಡುಗೊರೆ, ಅದರ ಕೆಳಗೆ ಪಾಲುದಾರನ ಹೆಸರು, ಇನಿಷಿಯಲ್ ಸಮೇತ, ನೆಲಮಂಗಲ. ಅಂಗಡಿಯ ಹೆಸರು ಎಲ್ಲೂ ಇರಲಿಲ್ಲ.

"ಅಯ್ಯೋ, ಅದೂ ಬಂದ್ಬಿಡ್ತಾ?" ಎಂದು ಅಜ್ಜಿ ಕೈ ಚಾಚಿದರು. "ಸೊಸೆ ನೋಡ್ದೆ ತುಂಬ್ಬಿಟ್ಟವ್ಳೆ. ಅದನ್ನ ಹಾಕ್ಬೇಡ, ಕೊಡಪ್ಪ. ಅವ್ನು ಕೊಟ್ಟಿದ್ದು."

ಕೊಟ್ಟೆ. ಅವರು ಮತ್ತೆ ಕೇಳಿದರು, ಅವನೆಲ್ಲಿ ಎಂದು. ಊಟಕ್ಕೆ ಹೋಗಿದ್ದಾನೆ ಎನ್ನಬಹುದಿತ್ತು. ಅಂಗಡಿ ಬಿಟ್ಟ, ಅರಿಶಿನಕುಂಟೆ ಹತ್ತಿರದ ಶೋರೂಮಿನಲ್ಲಿದ್ದಾನೆ ಎಂದೆ.

ಅಜ್ಜಿ ಆ ಪಾತ್ರೆಯನ್ನು ಸೆರಗಿನಲ್ಲಿ ಸುತ್ತಿಕೊಂಡರು. "ಹಂಗಾದ್ರೆ ಬಿಡಪ್ಪ. ಅಲ್ಗೇ ಹೋಗ್ತೀನಿ. ಆ ಚೀಲ ಒಸಿ ಆಟೋಗೆ ಇಡ್ತೀಯಾ? ನಂಗೆ ಸೊಂಟ ನೋವು."

ತೂಕ ಹಾಕಿದ್ದನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿ, ಆಟೋಗೆ ಇಟ್ಟು, ಚಾಲಕನಿಗೆ ದಾರಿಯನ್ನೂ ಹೇಳಿದೆ.

ಆಟೋ ಹೋದ ಮೇಲೆ ಮೆಟ್ಟಿಲ ಬಳಿ ಕೂತೆ. ಹೆಸರು ಹಾಕುವವರು ಮಷೀನು ನಿಲ್ಲಿಸಿದರು. ಎಲ್ಲ ಕೇಳಿಸಿಕೊಂಡಿದ್ದರು.

"ಅವನ ಹೆಸರು ಯಾವಾಗಿನಿಂದ ಹಾಕ್ತಿದ್ದೀರಿ?"

"ಸುಮಾರು ಮೊದ್ಲಿಂದ್ಲೇ ಸ್ವಾಮಿ. ಒಂದು ಮೂರೋ ನಾಲ್ಕೋ ಅಂಗಡಿ ಹೆಸರಲ್ಲಿ ಹಾಕ್ದೆ. ಆಮೇಲೆ ಬೇಡ ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ." ಪೆನ್ನಿನ ತುದಿಯನ್ನು ಬಟ್ಟೆಯಲ್ಲಿ ಒರೆಸಿದರು. "ಒಂದ್ಸಲ ಅವ್ರನ್ನೇ ಕೇಳ್ದೆ, ಸ್ವಾಮಿಯೋರ್ಗೆ ಗೊತ್ತಾ ಅಂತ. ಹೇಳ್ಬೇಡಿ, ಅವ್ನು ಬರ್ಕೊಂಬಿಡ್ತಾನೆ ಅಂತ ನಗಾಡಿದ್ರು."

ಪುಟ ಅಚ್ಚಿಗೆ ಹೋಗುವ ಮೊದಲು ಕರಡು ನೋಡದವನನ್ನು ಡೆಸ್ಕಿನಲ್ಲಿ ಯಾರೂ ಕ್ಷಮಿಸುವುದಿಲ್ಲ. ಇಷ್ಟು ವರ್ಷ, ಇಷ್ಟು ಪಾತ್ರೆ, ಹತ್ತು ಹೆಜ್ಜೆ ದೂರದಲ್ಲಿ ಕೆತ್ತಿದ್ದು. ಮಾಲು ಪುಸ್ತಕದಲ್ಲಿ "ಉಡುಗೊರೆ: ಒಂದು" ಎಂದು ಬರೆದು ಮುಂದಿನ ಸಾಲಿಗೆ ಹೋಗಿದ್ದೆ. ಅವನು ಮಾಡಿದ್ದು ಮೋಸ. ನಾನು ಓದದೆ ಬಿಟ್ಟದ್ದಕ್ಕೆ ಏನೆನ್ನಬೇಕೋ ಆಗ ತಿಳಿಯಲಿಲ್ಲ.

ಮಂಗಳವಾರ ಪಾತ್ರೆ ಕೊಳ್ಳುವವರು ಕಡಿಮೆ. ಅಂಗಡಿ ನೋಡಿಕೊಳ್ಳಲು ಮೆಟ್ಟಿಲ ಮೇಲಿನ ಹೆಸರು ಹಾಕುವವರಿಗೆ ಹೇಳಿ ತ್ಯಾಮಗೊಂಡ್ಲಿಗೆ ಹೋದೆ. ಮಾರಲು ಹೋಗಲಿಲ್ಲ. ಏನು ನಡೆಯಿತು ಎಂದು ಕೇಳಿ ತಿಳಿಯಬೇಕಿತ್ತು. ಅದೊಂದೇ ನನಗೆ ಬರುವ ಕೆಲಸ.

ಬಾಗಿಲಿಗೆ ಬಂದವರು ಮದುಮಗಳ ತಾಯಿ. ಅಂಗಡಿಯ ಹೆಸರು ಹೇಳಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು.

"ಓ! ಗಲ್ಲಾ ಹತ್ರ ಕೂತಿರ್ತಿದ್ರಲ್ಲ! ಲೆಕ್ಕ ಬರೆಯೋರು ಅಂದ್ಕೊಂಡಿದ್ವಿ. ಬನ್ನಿ, ಬನ್ನಿ."

ನಾನೂ ಯಜಮಾನ ಎಂದು ಹೇಳಬೇಕಾಯಿತು. "ಹೌದಾ?" ಎಂದು ನಕ್ಕರು. ಬೇಸರವಾಗದ ಹಾಗೆ ಕಾಫಿ ತಂದರು. ಹಿರಿಯ ಮಗಳ ಮದುವೆಯ ದಿನ ಬಡಿಸುವವರಲ್ಲಿ ಇಬ್ಬರು ಕೈಕೊಟ್ಟರಂತೆ. ಪಾಲುದಾರ ಶರ್ಟು ಬಿಚ್ಚಿಟ್ಟು, ಸೊಂಟಕ್ಕೆ ಟವೆಲು ಕಟ್ಟಿ, ಮೂರು ಪಂಕ್ತಿ ಬಡಿಸಿದನಂತೆ. ಆಮೇಲೆ ಮೊಮ್ಮಗು ಹುಟ್ಟಿದಾಗ ಬಂದ, ಇವರ ಯಜಮಾನರಿಗೆ ಆಪರೇಷನ್ ಆದಾಗ ಎಳನೀರು ತಗೊಂಡು ಆಸ್ಪತ್ರೆಗೆ ಬಂದ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಅವನು ಮಧ್ಯಾಹ್ನ ಅಂಗಡಿಯಲ್ಲಿಲ್ಲ ಎಂದು ನಾನು ಪುಸ್ತಕದಲ್ಲಿ ಬರೆದಿದ್ದೆ.

"ಅಂಗಡಿಯೋರು ಅಂತ ನಮ್ಗೆ ಅನ್ಸೇ ಇಲ್ಲ ಸಾರ್, ಮನೆಯೋರ ತರ."

ಆ ಪಾತ್ರೆ ಅಂಗಡಿಯದು ಎಂದೆ. ಹೇಳಬಾರದಿತ್ತು, ಬಾಯಿಗೆ ಬಂದುಬಿಟ್ಟಿತು.

"ಪಾತ್ರೆ ನಿಮ್ದಿರ್ಬೋದು," ಎಂದರು ಅವರು, ಸಿಟ್ಟಿಲ್ಲದೆ. "ಬಂದಿದ್ದು ಅವ್ರಲ್ವಾ?"

ಕೊನೆಗೆ ಈ ಮದುವೆಯ ಸಾಮಾನಿನ ವಿಷಯ ಕೇಳಿದೆ. ಅವರು ಲೋಟಗಳನ್ನು ಜೋಡಿಸುತ್ತ ತಲೆ ತಗ್ಗಿಸಿದರು. "ಮಾತು ಕೊಟ್ಬಿಟ್ಟಿದೀವಿ ಸಾರ್."

"ಯಾವಾಗ?"

"ಕಾರ್ತೀಕದಲ್ಲೇ. ಹೊಸ ಅಂಗಡಿ ಆಗ್ತೈತೆ, ಅಲ್ಲೇ ತಗೊಳ್ಳಿ ಅಂದ್ರು. ನಮ್ಮತ್ತೆಗೆ ಅದು ಗೊತ್ತಿರ್ಲಿಲ್ಲ. ನೀವೂ ಅಲ್ಲೇ ಇರ್ತೀರ ಅಂದ್ಕೊಂಡಿದ್ವಿ. ಇಬ್ರೂ ಜೊತೇಲಿ ಅಲ್ವಾ?"

ಕಾರ್ತೀಕ. ನಾನು ಸಗಟು ಆರ್ಡರು ಬರೆದದ್ದು ಮಾರ್ಗಶಿರದಲ್ಲಿ. ಹತ್ತು ಸೆಟ್ಟು ಹೆಚ್ಚಿಗೆ ಹಾಕಿಸು ಎಂದು ಅವನು ಪಕ್ಕದಲ್ಲಿ ನಿಂತು ಹೇಳುವ ಹೊತ್ತಿಗೆ, ಆ ಸೆಟ್ಟುಗಳು ಯಾವ ಕಡೆಗೆ ಎಂದಿದ್ದನೋ ಆ ಕಡೆಯ ದೊಡ್ಡ ಮನೆಯ ಮಾತನ್ನು ಬೇರೆ ಅಂಗಡಿಗೆ ತೆಗೆದುಕೊಂಡಾಗಿತ್ತು. ಹೆಸರಿನ ವಿಷಯವನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಇದು ಆಗಲಿಲ್ಲ.

ಆಕೆ ಒಳಗೆ ಹೋಗಿ ಲಗ್ನಪತ್ರಿಕೆ ತಂದರು. ಮೂಲೆಗೆ ಅರಿಶಿನ ಹಚ್ಚಿ, ತಟ್ಟೆಯಲ್ಲಿಟ್ಟು ಕೊಟ್ಟರು. "ನೀವೇ ಬರ್ಬೇಕು. ಮನೆಯೋರ್ನೂ ಕರ್ಕೊಂಬನ್ನಿ."

ಬಸ್ಸಿನಲ್ಲಿ ಬರುತ್ತ ಎರಡು ವಿಷಯ ತೀರ್ಮಾನಿಸಿದೆ. ನನ್ನ ಕೈಯಲ್ಲಿ ಈಗ ಒಂದು ಸುದ್ದಿ ಇತ್ತು. ತಿಂಗಳು, ಸಾಕ್ಷಿ, ಪಾತ್ರೆ, ಎಲ್ಲ ಇತ್ತು. ಪ್ರತಿ ಮನೆಗೂ ಹೋಗಿ, ನಿಮ್ಮ ಆ ಹುಡುಗ ನನಗೆ ಹೀಗೆ ಮಾಡಿದ ಎಂದು ಹೇಳಬಹುದಿತ್ತು. ಕೆಲವರಾದರೂ ತಿರುಗಿ ಬರುತ್ತಿದ್ದರು. ಆದರೆ ಒಂದು ಕಡೆಯ ಮಾತು ಮಾತ್ರ ಇದ್ದು, ಹೇಳುವವನಿಗೇ ಅದರಲ್ಲಿ ಲಾಭವಿದ್ದರೆ, ಅಂಥ ಸುದ್ದಿಯನ್ನು ಡೆಸ್ಕಿನಲ್ಲಿ ನಾವು ಹಿಂದಕ್ಕೆ ಕಳಿಸುತ್ತಿದ್ದೆವು. ಹಾಗಾಗಿ ಯಾರಿಗೂ ಹೇಳುವುದಿಲ್ಲ, ಇದು ಮೊದಲನೆಯದು. ಎರಡನೆಯದು, ಮದುವೆಗೆ ಹೋಗುವುದು.

ಹೆಚ್ಚಿಗೆ ಹಾಕಿಸಿದ ಹತ್ತರಲ್ಲಿ ಆರು ಸೆಟ್ಟುಗಳನ್ನು ಸಗಟು ವ್ಯಾಪಾರಿ ವಾಪಸು ತೆಗೆದುಕೊಂಡ. ಬದಲಿಗೆ ಕಾರ್ಖಾನೆಗೆ ಹೋಗುವವರು ಕೇಳುವ ಊಟದ ಡಬ್ಬಿ, ನೀರಿನ ಬಾಟಲು ತಂದೆ. ಬದಲಾವಣೆಯಲ್ಲಿ ನಷ್ಟವಾಯಿತು. ಉಳಿದ ನಾಲ್ಕು ಸೆಟ್ಟು ಮಹಡಿಯಲ್ಲೇ ಉಳಿದವು.

ಮದುವೆಯ ಹಿಂದಿನ ದಿನ ಒಂದು ಮುಚ್ಚಳದ ಪಾತ್ರೆ ತೆಗೆದು ಮೆಟ್ಟಿಲಿನವರ ಮುಂದಿಟ್ಟೆ.

"ಏನು ಹಾಕ್ಲಿ?"

ಅಂಗಡಿಯ ಹೆಸರು ಎಂದೆ.

ಅವರು ಪಾತ್ರೆಯನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತರು. "ಅಂಗಡಿ ಹೆಸ್ರು ಹಾಕಿದ್ರೆ ಅದು ಉಡುಗೊರೆ ಅಲ್ಲ ಸ್ವಾಮಿ, ಬೋರ್ಡು. ಆವಾಗ್ಲೂ ಅದೇ ಆಗಿದ್ದು. ಒಂದ್ ಮದುವೇಲಿ ಗಂಡಿನ ಕಡೆಯೋರು ನಕ್ಕುಬಿಟ್ರಂತೆ, ಅಂಗಡಿ ಊಟಕ್ಕೆ ಬಂದೈತೆ ಅಂತ. ಆಮೇಲೇ ಅವ್ರು ಬದಲಾಯಿಸಿದ್ದು."

ಇದನ್ನು ಅವನು ಬಂದು ನನಗೆ ಹೇಳಿದ್ದರೆ ನಾನೇ ಒಕ್ಕಣೆ ತಿದ್ದುತ್ತಿದ್ದೆ. ಇಬ್ಬರ ಹೆಸರೂ ಹಾಕಬಹುದಿತ್ತು. ಹೇಳಲಿಲ್ಲ. ಕೊನೆಗೆ ನನ್ನ ಹೆಸರೊಂದನ್ನೇ ಹಾಕಿಸಿದೆ. ಆ ಮಷೀನು ನನ್ನ ಹೆಸರು ಬರೆದದ್ದು ಅದೇ ಮೊದಲು. ಕೆತ್ತುವಾಗ ಎದುರಿಗೆ ನಿಂತು ಅಕ್ಷರ ಅಕ್ಷರ ಓದಿದೆ.

ಕಲ್ಯಾಣ ಮಂಟಪದ ಒಂದು ಗೋಡೆಯ ಉದ್ದಕ್ಕೂ ಸಾಮಾನು ಜೋಡಿಸಿದ್ದರು. ಯಾರೂ ನೋಡದಿದ್ದಾಗ ಬಿಂದಿಗೆಯ ಕಂಠ ಒತ್ತಿ ನೋಡಿದೆ. ನಮ್ಮದಕ್ಕಿಂತ ತೆಳು. ಇನ್ನು ಐದು ವರ್ಷಕ್ಕೆ ಸೊಟ್ಟಗಾಗುತ್ತದೆ. ನನ್ನ ಪಕ್ಕದಲ್ಲಿದ್ದ ಹೆಂಗಸರು "ಏನು ಹೊಳೀತವೆ ನೋಡೇ" ಎನ್ನುತ್ತಿದ್ದರು.

ಊಟದ ಮನೆಯ ಬಾಗಿಲಲ್ಲೇ ಪಾಲುದಾರ ಸಿಕ್ಕ. ಬಿಳಿ ಪಂಚೆ, ಸೊಂಟಕ್ಕೆ ಟವೆಲು.

"ಏನ್ ಗುರು, ಬಂದ್ಬಿಟ್ಟಿದೀಯಾ! ಪರವಾಗಿಲ್ಲ, ಕಲ್ತುಬಿಟ್ಟೆ! ಕೂತ್ಕೊ, ಈ ಪಂಕ್ತೀಲೇ ಕೂತ್ಕೊ."

ಕೈ ಹಿಡಿದು ಎಳೆದು ಕೂರಿಸಿದ. ಎಲೆ ತೊಳೆಯಲು ನೀರು ಹಾಕಿದ. ಕೋಸಂಬರಿ ಬಂತು, ಪಲ್ಯ ಬಂತು, ಪಾಯಸದ ಬಕೆಟ್ಟು ಹಿಡಿದು ಅವನೇ ಬಂದ.

"ಕಾರ್ತೀಕದಲ್ಲೇ ಇವರ ಹತ್ತಿರ ಮಾತಾಡಿದ್ದೆಯಂತೆ," ಎಂದೆ, ಪಕ್ಕದವರಿಗೆ ಕೇಳದ ಹಾಗೆ.

ಅವನ ಕೈ ನಿಲ್ಲಲಿಲ್ಲ. "ಊಟ ಮಾಡೋ ಮೊದ್ಲು."

"ಹತ್ತು ಸೆಟ್ಟು ಯಾಕೆ ಹಾಕಿಸ್ದೆ?"

ಈಗ ಬಗ್ಗಿದ. ಮುಖ ಹತ್ತಿರ ಬಂತು. ನಾಚಿಕೆ ಇತ್ತೋ ಇಲ್ಲವೋ, ನಾನು ಹುಡುಕಿದೆ. ಖಚಿತವಾಗಿ ಹೇಳಲಾರೆ.

"ಹಾಕಿಸ್ಬೇಡ ಅಂದಿದ್ರೂ, ಸುಮ್ನಿದ್ದಿದ್ರೂ, ನೀನು ಯಾಕೆ ಅಂತ ಕೇಳ್ತಿದ್ದೆ ಕಣೋ. ನೀನು ಕೇಳೋಕ್ ಶುರು ಮಾಡಿದ್ರೆ ಬಿಡ್ತೀಯಾ? ಮನುಷ್ಯರ ವಿಷ್ಯ ಬಿಟ್ಟು ಮಿಕ್ಕಿದ್ದೆಲ್ಲ ಕೇಳ್ತೀಯ."

ನನ್ನ ಎಲೆಗೆ ಇನ್ನೊಂದು ಸೌಟು ಹಾಕಿ, "ಪಾಯಸ, ಪಾಯಸ" ಎನ್ನುತ್ತ ಮುಂದೆ ಹೋದ. ಸಾಲಿನ ಕೊನೆಯಲ್ಲಿ ಯಾವುದೋ ಮುದುಕ ಅವನ ಕೆನ್ನೆ ತಟ್ಟಿ ಏನೋ ಹೇಳಿದ, ಇಬ್ಬರೂ ನಕ್ಕರು.

ಉಡುಗೊರೆ ಕೊಟ್ಟು ಬಂದೆ. ಮದುಮಗಳ ತಾಯಿ ಕಾಗದ ಬಿಚ್ಚಿ ಹೆಸರು ಓದಿ, "ಇದು ನಿಮ್ ಹೆಸ್ರಾ ಸಾರ್?" ಎಂದರು. ಹೌದು ಎಂದೆ.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅದುವರೆಗೆ ವ್ಯಾಪಾರ ಕಡಿಮೆ ಎಂದಷ್ಟೇ ಹೇಳಿದ್ದೆ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಅಡುಗೆಮನೆಗೆ ಹೋಗಿ, ಹಾಲಿನ ಪಾತ್ರೆಯಲ್ಲಿ ಉಳಿದದ್ದನ್ನು ಬೇರೆಯದಕ್ಕೆ ಬಗ್ಗಿಸಿ, ತೊಳೆದು, ಒರೆಸಿ ತಂದು ನನ್ನ ಮುಂದೆ ಇಟ್ಟಳು.

ಪ್ರೀತಿಯ ಉಡುಗೊರೆ. ಅವನ ಹೆಸರು. ನೆಲಮಂಗಲ.

"ನಿನಗೆ ಗೊತ್ತಿತ್ತಾ?"

"ದಿನಾ ತೊಳೆಯೋಳಿಗೆ ಗೊತ್ತಿರಲ್ವಾ? ನಿಮ್ಗೂ ಗೊತ್ತು ಅಂದ್ಕೊಂಡಿದ್ದೆ. ಗೃಹಪ್ರವೇಶಕ್ಕೆ ಅವ್ರು ತಂದಿದ್ದು. ಹಾಲು ಉಕ್ಕಿಸೋ ಹೊತ್ತಿಗೆ ಲಾರಿ ಬಂತು, ಮಾಲು ಇಳಿಸ್ಕೋಬೇಕು ಅಂತ ನೀವು ಹೋದ್ರಿ. ನೆನಪಿದ್ಯಾ?"

ನೆನಪಿತ್ತು. ಹಿತ್ತಾಳೆಯ ಲೋಡು. ಎಣಿಸಿ ಇಳಿಸಿಕೊಂಡು ಬರುವಷ್ಟರಲ್ಲಿ ಪೂಜೆ ಮುಗಿದಿತ್ತು.

"ಹೊಸ ಪಾತ್ರೆ ತರೋದು ಮರ್ತಿದ್ವಿ. ಪಾತ್ರೆ ಅಂಗಡಿಯೋರ ಮನೇಲಿ ಪಾತ್ರೆ ಇಲ್ಲ ಅಂತ ಎಲ್ರೂ ನಗ್ತಿದ್ರು. ಅವ್ರು ಉಡುಗೊರೆ ಕಾಗದ ಹರಿದು ಇದನ್ನ ಕೊಟ್ರು. 'ಅತ್ತಿಗೆ, ಪೂರ್ವಕ್ಕೇ ಉಕ್ತು' ಅಂತ ಕೂಗಿದ್ದೂ ಅವ್ರೇ."

ಅಳಿಸಿಬಿಡುತ್ತೇನೆ, ಪಾಲಿಶ್ ಹಿಡಿದರೆ ಹೋಗುತ್ತದೆ ಎಂದೆ. ಇಲ್ಲವೇ ತೂಕಕ್ಕೆ ಹಾಕುತ್ತೇನೆ, ಬೇರೆ ತರುತ್ತೇನೆ.

"ಬೇಡ. ಹಾಲು ಉಕ್ಕಿಸಿದ ಪಾತ್ರೆ. ಉಜ್ಜಿ ಕೆಡಿಸಬಾರ್ದು, ಹೊರಗೂ ಕೊಡಬಾರ್ದು." ಒಳಗೆ ತೆಗೆದುಕೊಂಡು ಹೋದಳು.

ವೈಶಾಖದಲ್ಲೂ ತ್ಯಾಮಗೊಂಡ್ಲಿನಿಂದ ಯಾರೂ ಬರಲಿಲ್ಲ. ಊಟದ ಡಬ್ಬಿಗಳು ಹೋಗುತ್ತಿವೆ. ಕೊಳ್ಳುವವರ ಹೆಸರು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ. ಕೇಳಿದ ಕೂಡಲೇ ಬರೆದುಕೊಳ್ಳಬಾರದು ಎಂಬುದನ್ನೂ.

ಬೆಳಗ್ಗೆ ಹಾಲು ಕಾಯಿಸುವ ಕೆಲಸವನ್ನು ಈಗ ನಾನು ಇಟ್ಟುಕೊಂಡಿದ್ದೇನೆ. ಹೆಸರಿರುವ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸಿ ಒಲೆಯ ಮೇಲೆ ಇಡುತ್ತೇನೆ. ಹಾಲು ಮೇಲೇಳುತ್ತದೆ. ಇಕ್ಕಳದಿಂದ ಕಂಠ ಹಿಡಿದು ಕೆಳಗಿಳಿಸುವಾಗ ಪಾತ್ರೆ ಅರ್ಧ ಸುತ್ತು ತಿರುಗಿ, ಆ ಹೆಸರು ನನ್ನ ಕಡೆಗೇ ಬರುತ್ತದೆ.